ಒಳಗೆ ನಮ್ಮವರೊಬ್ಬರಿದ್ದರು

ಕೆಲವು ತಿಂಗಳ ಹಿಂದೆ ಮಾಟುಂಗದಲ್ಲಿ ಒಂದು ಪುಸ್ತಕ ಬಿಡುಗಡೆಯ ಕಾರ್ಯಕ್ರಮವಿತ್ತು. ಮುಗಿದ ಮೇಲೆ ಕಾಫಿಯ ಲೋಟ ಹಿಡಿದು ನಿಂತಿದ್ದ ಏಳೆಂಟು ಮಂದಿಯ ನಡುವೆ ಹಿರಿಯ ಮಿತ್ರರೊಬ್ಬರು ತಮ್ಮ ಅನುಭವವೊಂದನ್ನು ಹೇಳಿದರು. ಯಾವುದೋ ಕಚೇರಿಯಲ್ಲಿ ಮಗಳ ಕಾಗದಪತ್ರದ ಕೆಲಸ. ಕಿಟಕಿಯ ಮುಂದಿನ ಸಾಲು ಬಾಗಿಲು ದಾಟಿ, ಮೆಟ್ಟಿಲಿಳಿದು, ಅಂಗಳದವರೆಗೆ ಬಂದಿತ್ತು. ಇವರು ಹತ್ತು ನಿಮಿಷ ನಿಂತರು. ಅಷ್ಟರಲ್ಲಿ ಒಳಗಿನ ಮೇಜಿನ ಮೇಲಿದ್ದ ಹೆಸರಿನ ಫಲಕ ಕಣ್ಣಿಗೆ ಬಿತ್ತು. ನಮ್ಮ ಕಡೆಯ ಹೆಸರು. ಪಕ್ಕದ ಬಾಗಿಲಿನಿಂದ ಇಣುಕಿ, “ನಮಸ್ಕಾರ, ತಮ್ಮದು ಯಾವ ಊರು?” ಎಂದು ಕೇಳಿದ್ದೇ ತಡ, ಒಳಗೆ ಕರೆದು ಕುರ್ಚಿ ಕೊಟ್ಟು, ಚಹಾ ತರಿಸಿ, ಕಾಲು ಗಂಟೆಯಲ್ಲಿ ಕೆಲಸ ಮುಗಿಸಿಕೊಟ್ಟರಂತೆ. “ಒಳಗೆ ನಮ್ಮವರೊಬ್ಬರಿದ್ದರು, ಬಚಾವಾದೆ” ಎಂದು ಅವರು ಮಾತು ಮುಗಿಸಿದಾಗ ಎಲ್ಲರ ಮುಖವೂ ಅರಳಿತು. ಪರಊರಿನಲ್ಲಿ ಕನ್ನಡಕ್ಕೆ ಇನ್ನೂ ಬೆಲೆಯಿದೆ ಎಂಬುದಕ್ಕೆ ಪುರಾವೆ ಸಿಕ್ಕಂತೆ ನಾವೂ ನಕ್ಕೆವು.

ಅಂಗಳದಲ್ಲಿ ನಿಂತಿದ್ದ ಕೊನೆಯ ಮನುಷ್ಯನ ಮಾತನ್ನು ಯಾರೂ ಎತ್ತಲಿಲ್ಲ. ನಾವೂ ಎತ್ತಲಿಲ್ಲ. ಆಗ ಎತ್ತದೆ ಹೋದುದನ್ನು ಈಗ ಬರೆಯಬೇಕೆನಿಸಿದೆ. ಮಿತ್ರರಿಗೆ ಇದು ಹಿತವಾಗಲಿಕ್ಕಿಲ್ಲ. ನಮಗೂ ಪೂರ್ತಿ ಹಿತವಾಗಿಲ್ಲ. ಏಕೆಂದರೆ ಈ ವಿಷಯದಲ್ಲಿ ನಮ್ಮ ಕೈಯೂ ಶುದ್ಧವಲ್ಲ.

ನಾವಿರುವ ಸಯನ್ ಸಾಲುಗಳ ಊರು. ಮರಾಠಿಯವರು ಇದನ್ನು ‘ಶೀವ್’ ಎನ್ನುತ್ತಾರೆ. ಎಲ್ಲೆ, ಗಡಿ ಎಂದರ್ಥ. ಒಂದು ಕಾಲಕ್ಕೆ ಬ್ರಿಟಿಷರ ದ್ವೀಪ ಇಲ್ಲಿಗೆ ಮುಗಿದು, ಆಚೆಗೆ ಪೋರ್ಚುಗೀಸರ ಸಾಷ್ಟಿ ತೊಡಗುತ್ತಿತ್ತು. ಆ ಎಲ್ಲೆ ಕಾಯಲೆಂದು ಗವರ್ನರ್ ಜೆರಾಲ್ಡ್ ಆಂಜಿಯರ್‌ನ ಕಾಲದಲ್ಲಿ, 1669ರಿಂದ 1677ರ ನಡುವೆ, ಕಟ್ಟಿದ ಕೋಟೆ ಈಗಲೂ ಗುಡ್ಡದ ಮೇಲಿದೆ. ಕೋಟೆಗೆ ಈಗ ಕೆಲಸವಿಲ್ಲ, ಎಲ್ಲೆಗೆ ಇದೆ. ಉತ್ತರದ ಉಪನಗರಗಳಿಂದ ಬರುವ ಆಟೋರಿಕ್ಷಾ ಸಯನ್‌ನಿಂದ ಮುಂದಕ್ಕೆ ಹೋಗುವಂತಿಲ್ಲ. ಅಲ್ಲಿಂದಾಚೆ ಟ್ಯಾಕ್ಸಿಯ ರಾಜ್ಯ. ಹೀಗಾಗಿ ಇಲ್ಲಿ ಎಲ್ಲರೂ ಇಳಿಯುತ್ತಾರೆ, ಎಲ್ಲರೂ ಹತ್ತುತ್ತಾರೆ, ವಾಹನ ಬದಲಿಸುವಲ್ಲೆಲ್ಲ ಒಂದು ಸಾಲು ಹುಟ್ಟುತ್ತದೆ. 1912ರ ಹಳೆಯ ರೈಲ್ವೆ ಮೇಲ್ಸೇತುವೆಯನ್ನು ಕೆಡವಲೆಂದು 2024ರ ಆಗಸ್ಟ್ 1ರಂದು ವಾಹನಗಳಿಗೆ ಮುಚ್ಚಿದಾಗ ಬಸ್ಸುಗಳ ದಾರಿ ಬದಲಾಯಿತು, ಹತ್ತುವ ಇಳಿಯುವ ಜಾಗಗಳೂ ಅತ್ತಿತ್ತ ಸರಿದವು. ಆ ವಾರ ನಾವು ಗಮನಿಸಿದ ಒಂದು ಸಂಗತಿ ಇನ್ನೂ ನೆನಪಿದೆ. ಮೊದಲ ದಿನ ಜನ ಗುಂಪುಗುಂಪಾಗಿ ನಿಂತು ಗೊಣಗಿದರು. ಎರಡನೆಯ ದಿನ ಯಾರೋ ಒಬ್ಬ ಹೆಂಗಸು ಒಂದು ಮರದ ನೆರಳಿಗೆ ನಿಂತಳು; ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಮೂರನೆಯ ದಿನ ಅಲ್ಲೊಂದು ಸಾಲು ಇತ್ತು. ಪೊಲೀಸರು ಹೇಳಿರಲಿಲ್ಲ, ಹಗ್ಗ ಕಟ್ಟಿರಲಿಲ್ಲ, ಫಲಕ ಹಾಕಿರಲಿಲ್ಲ.

ಈ ನಗರದಲ್ಲಿ ಮೊದಲ ಬಸ್ಸು ಓಡಿದ್ದು 1926ರ ಜುಲೈ 15ರಂದು, ಅಫ್ಘಾನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟಿಗೆ. (ಮಾಟುಂಗದ ಮೈಸೂರು ಅಸೋಸಿಯೇಶನ್ ಹುಟ್ಟಿದ್ದೂ ಅದೇ 1926ರಲ್ಲಿ. ಎರಡಕ್ಕೂ ಸಂಬಂಧವಿಲ್ಲ, ನಮಗೆ ಇಂಥ ಕಾಕತಾಳೀಯಗಳ ಮೇಲೆ ಸ್ವಲ್ಪ ಮೋಹ.) ಊರಿನಿಂದ ಬಂದ ನಮ್ಮ ನೆಂಟರು ಮುಂಬಯಿಯಲ್ಲಿ ಬೆರಗಾಗಿ ನೋಡುವುದು ಗೇಟ್‌ವೇ ಆಫ್ ಇಂಡಿಯಾವನ್ನಲ್ಲ, ಬಸ್ಸಿನ ಸಾಲನ್ನು. ಮಳೆ ಹೊಡೆಯುತ್ತಿರುವಾಗಲೂ ಕೊಡೆ ಬಿಡಿಸಿ ಒಬ್ಬರ ಹಿಂದೆ ಒಬ್ಬರು ನಿಲ್ಲುವವರನ್ನು ಕಂಡು, “ಇವರಿಗೆ ನೂಕುವುದಕ್ಕೆ ಬರುವುದಿಲ್ಲವೇ?” ಎಂದು ನಮ್ಮ ಚಿಕ್ಕಪ್ಪ ಕೇಳಿದ್ದರು. ಬರುತ್ತದೆ, ಐದು ನಿಮಿಷದ ದಾರಿಯಲ್ಲಿರುವ ರೈಲು ನಿಲ್ದಾಣಕ್ಕೆ ಕರೆದೊಯ್ದು ತೋರಿಸಿದೆವು. ಅದೇ ಜನ, ಅದೇ ಬೆಳಗು, ಲೋಕಲ್ ರೈಲು ನಿಲ್ಲುವ ಮುನ್ನವೇ ಬಾಗಿಲ ಕಂಬಕ್ಕೆ ಕೈ ಹಾಕಿರುತ್ತಾರೆ.

ಆದರೆ ಚಿಕ್ಕಪ್ಪನವರಿಗೆ ರೈಲಿನ ಒಳಗಿರುವ ಸಾಲು ಕಾಣಲಿಲ್ಲ. ಅದು ಹೊಸಬರಿಗೆ ಕಾಣುವುದೂ ಇಲ್ಲ. ಕುಳಿತವರನ್ನು ನಿಂತವರು ಕೇಳುತ್ತಾರೆ, “ಕಹಾಂ ಉತರೇಂಗೆ?” ಘಾಟ್ಕೋಪರ್ ಎಂದ ಕ್ಷಣಕ್ಕೆ ಆ ಜಾಗದ ಮುಂದಿನ ಹಕ್ಕು ಕೇಳಿದವನದ್ದು. ಕುಳಿತವನು ಏಳುವಾಗ ಅವನಿಗೆ ಕಣ್ಸನ್ನೆ ಮಾಡಿ ಏಳುತ್ತಾನೆ. ಮಧ್ಯೆ ಬೇರೊಬ್ಬ ಕುಳಿತರೆ ಇಡೀ ಕಂಪಾರ್ಟ್‌ಮೆಂಟು ಅವನ ಮೇಲೆ ತಿರುಗಿಬೀಳುತ್ತದೆ. ಮೂವರ ಬೆಂಚಿನಲ್ಲಿ ನಾಲ್ಕನೆಯವನಿಗೆ ಅರ್ಧ ತೊಡೆಯಷ್ಟು ಜಾಗ ಬಿಡುವುದೂ ಇಂಥದೇ ಅಲಿಖಿತ ಕಾನೂನು. ಹತ್ತುವಾಗ ಇಲ್ಲದ ಮರ್ಯಾದೆ ಹತ್ತಿದ ಮೇಲೆ ಎಲ್ಲಿಂದ ಬಂತು? ನಮಗೆ ಹೊಳೆಯುವ ಕಾರಣ ಇದು: ಪ್ಲಾಟ್‌ಫಾರ್ಮಿನ ನೂಕುನುಗ್ಗಲಿನಲ್ಲಿ ಮುಖಗಳಿಲ್ಲ, ಬೆನ್ನು ಮತ್ತು ಮೊಣಕೈ ಮಾತ್ರ. ಒಳಗೆ ಮುಖಗಳಿವೆ, ಅವೇ ಮುಖಗಳು ನಾಳೆಯೂ 8.42ರ ಗಾಡಿಯಲ್ಲಿ ಎದುರಿಗಿರುತ್ತವೆ.

ಈ ಮಾತಿಗೆ ತಿರುವುಮುರುವಾದ ಸಾಕ್ಷಿಯನ್ನು ನಾವು ಕಂಡದ್ದು ಗುಲ್‌ಮಾರ್ಗದಲ್ಲಿ. ರಜಾ ಪ್ರಯಾಣದ ಸವಲತ್ತು ಬಳಸಿ ಮನೆಮಂದಿಯೆಲ್ಲ ಹೋಗಿದ್ದೆವು. ಅಲ್ಲಿನ ಗೊಂಡೋಲಾ ಎಂಬ ತೂಗುಗಾಡಿ ಎರಡು ಹಂತದ್ದು: ಕೊಂಗ್ಡೂರಿಯವರೆಗಿನ ಮೊದಲ ಹಂತ 1998ರಲ್ಲಿ ತೊಡಗಿತು, ಅಲ್ಲಿಂದ ಅಫರ್ವಟ್ ಬೆಟ್ಟದ ಮೇಲಕ್ಕೆ ಹೋಗುವ ಎರಡನೆಯದು 2005ರಲ್ಲಿ. ಹಿಮದ ಮೇಲೆ ಜಾರುವವರೂ ನಮ್ಮಂತೆ ಬರಿದೆ ನೋಡುವವರೂ ಅದಕ್ಕೇ ಕಾಯಬೇಕು. ಸಾಲಿನಲ್ಲಿ ನಮ್ಮ ಮುಂದೆ ಒಬ್ಬ ಗೃಹಸ್ಥರು ಒಂಟಿಯಾಗಿ ನಿಂತಿದ್ದರು. ಬಾಗಿಲು ಹತ್ತಿರವಾದಂತೆ ಅವರ ಪತ್ನಿ, ಇಬ್ಬರು ಮಕ್ಕಳು, ಅತ್ತೆ ಮಾವ, ಭಾವಮೈದುನ, ಅವನ ಸ್ನೇಹಿತ ಒಬ್ಬೊಬ್ಬರಾಗಿ ಹಗ್ಗದಡಿ ನುಸುಳಿ ಬಂದರು. “ಹಮ್ ಸಾಥ್ ಮೇಂ ಹೈಂ.” ಮಾತಿಗೆಳೆದರೆ ಅವರು ಚೆಂಬೂರಿನವರು! ಚೆಂಬೂರಿನ ಬಸ್ಸಿನ ಸಾಲಿನಲ್ಲಿ ಏಳು ಮಂದಿಯನ್ನು ಹೀಗೆ ತುರುಕುವ ಧೈರ್ಯ ಅವರಿಗೆ ಬರುತ್ತಿತ್ತೇ? ಬರುತ್ತಿರಲಿಲ್ಲ. ಅಲ್ಲಿ ನಾಳೆ ಬೆಳಗ್ಗೆ ಮತ್ತೆ ನಿಲ್ಲಬೇಕಲ್ಲ. ಪ್ರವಾಸಿಗೆ ನಾಳೆ ಇಲ್ಲ.

ಹಿಮಜಾರಾಟವೇ ಕಸುಬಾಗಿರುವ ದೇಶಗಳಲ್ಲಿ ಇದಕ್ಕೆ ಸೊಗಸಾದ ಉಪಾಯ ಮಾಡಿಕೊಂಡಿದ್ದಾರೆ. ನಾಲ್ವರು ಕೂರುವ ತೂಗುಕುರ್ಚಿಗೆ ಮೂವರ ಗುಂಪು ಬಂದರೆ ಒಂದು ಜಾಗ ಖಾಲಿ ಹೋಗುತ್ತದೆ. ಅದನ್ನು ತುಂಬಲೆಂದು ಒಂಟಿಯಾಗಿ ಬಂದವರಿಗೆ ಪಕ್ಕದಲ್ಲೊಂದು ಬೇರೆ ಸಾಲು. ಅವರು ಬೇಗ ಮುಂದಕ್ಕೆ ಹೋಗುತ್ತಾರೆ, ಆದರೆ ಯಾರ ಸರದಿಯನ್ನೂ ಕದಿಯುವುದಿಲ್ಲ. ಎರಡು ಸಾಲು ಒಂದಾಗುವಲ್ಲಿ ಈ ಬದಿಯಿಂದ ಒಮ್ಮೆ, ಆ ಬದಿಯಿಂದ ಒಮ್ಮೆ. ಇದನ್ನು ಓದಿದಾಗ ನಮಗೆ ನಗು ಬಂತು. ನಮ್ಮ ಶೇರ್ ರಿಕ್ಷಾದವನು “ಏಕ್ ಸೀಟ್, ಏಕ್ ಸೀಟ್!” ಎಂದು ಕೂಗಿದಾಗ, ಮುಂದಿರುವ ಇಬ್ಬರು ಜತೆಬಿಟ್ಟು ಹೋಗಲೊಲ್ಲದೆ ತಲೆಯಲ್ಲಾಡಿಸಿದಾಗ, ಹಿಂದಿರುವ ಒಂಟಿ ಮನುಷ್ಯ ಓಡಿಬಂದು ಕೂರುವುದು ಬೇರೇನು? ಅವನ ಮೇಲೆ ಯಾರಿಗೂ ಸಿಟ್ಟಿಲ್ಲ. ಗರ್ಭಿಣಿಯರು, ವೃದ್ಧರು, ಅಂಗವಿಕಲರು ಬಸ್ಸಿನ ಮುಂಬಾಗಿಲಿನಿಂದ ಹತ್ತಿದಾಗಲೂ ಯಾರೂ ಹುಬ್ಬೇರಿಸುವುದಿಲ್ಲ. ಮುಂದೆ ಹೋಗುವುದೇ ತಪ್ಪಲ್ಲ. ಕಾರಣ ಎಲ್ಲರಿಗೂ ಕಾಣುವಂತಿರಬೇಕು, ಆ ಕಾರಣ ನಾಳೆ ನಮಗೂ ಒದಗಬಹುದಾದ್ದಾಗಿರಬೇಕು, ಅಷ್ಟೆ.

ಸಾಲಿಗೆ ನಮ್ಮ ನುಡಿಯಲ್ಲಿ ಹೆಸರುಗಳಿಗೆ ಬರವಿಲ್ಲ. ಸಾಲು, ಸರದಿ, ಸರತಿ. ಉತ್ತರ ಕರ್ನಾಟಕದವರಿಗೆ ಪಾಳಿ. ಆದರೆ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿದ್ದ ಸಾಲು ಬೇರೆ: ಊಟದ ಪಂಕ್ತಿ. ಮೊದಲ ಪಂಕ್ತಿಯಲ್ಲಿ ಯಾರು ಕೂರಬೇಕು, ಎರಡನೆಯದಕ್ಕೆ ಯಾರು ಕಾಯಬೇಕು, ಯಾರು ಅಂಗಳ ದಾಟಿ ಒಳಗೆ ಬರಲೇಬಾರದು ಎಂಬುದು ಬಂದ ಹೊತ್ತಿನಿಂದ ನಿರ್ಧಾರವಾಗುತ್ತಿರಲಿಲ್ಲ, ಹುಟ್ಟಿನಿಂದ ನಿರ್ಧಾರವಾಗುತ್ತಿತ್ತು. ಒಂದೇ ಪಂಕ್ತಿಯಲ್ಲಿ ಕುಳಿತರೂ ತುಪ್ಪದ ಮಿಳ್ಳೆ ಕೆಲವರ ಎಲೆಯ ಬಳಿ ಮಾತ್ರ ಬಾಗುತ್ತಿತ್ತು. ‘ಪಂಕ್ತಿಭೇದ’ ಎಂಬ ಪದವೇ ಬೇಕಾಗುವಷ್ಟು ಆ ಭೇದ ನಮಗೆ ರೂಢಿಯಾಗಿತ್ತು. ಅದರ ಮೇಲಿನ ಜಗಳ ಕರಾವಳಿಯಲ್ಲಿ ಇನ್ನೂ ತಣ್ಣಗಾಗಿಲ್ಲ. ಹೀಗೆ ಬೆಳೆದ ಮನೆಗಳಿಂದ ಹದಿನಾಲ್ಕು ಹದಿನೈದರ ಹುಡುಗರು ಹಡಗಿನಲ್ಲೋ ಬಸ್ಸಿನಲ್ಲೋ ಮುಂಬಯಿಗೆ ಬಂದಿಳಿದಾಗ, ಈ ನಗರ ಅವರಿಗೆ ಕಲಿಸಿದ ಮೊದಲ ಪಾಠಗಳಲ್ಲಿ ಒಂದು, ಮೊದಲು ಬಂದವನು ಮೊದಲು ಎಂಬುದು. ಹಿಂದಿನವನ ಜಾತಿ ಮುಂದಿನವನಿಗೆ ಗೊತ್ತಿಲ್ಲ. ಕೇಳುವ ಪ್ರಮೇಯವೂ ಇಲ್ಲ.

ಇಂಗ್ಲಿಷರು ಸಾಲು ನಿಲ್ಲುವುದನ್ನು ತಮ್ಮ ರಕ್ತಗುಣವೆಂಬಂತೆ ಹೇಳಿಕೊಳ್ಳುವುದುಂಟು. ಆದರೆ 1837ರಲ್ಲಿ ಫ್ರೆಂಚ್ ಕ್ರಾಂತಿಯ ಚರಿತ್ರೆ ಬರೆದ ಥಾಮಸ್ ಕಾರ್ಲೈಲ್, ಪ್ಯಾರಿಸಿನ ರೊಟ್ಟಿಯಂಗಡಿಗಳ ಮುಂದಿನ ಸಾಲನ್ನು ಫ್ರೆಂಚರ ವಿಶೇಷವೆಂದು ವರ್ಣಿಸುತ್ತಾನೆ. ಕ್ಯೂ ಎಂಬ ಪದವೂ ಫ್ರೆಂಚರದ್ದೇ, ಬಾಲ ಎಂದರ್ಥ. ಯಾವ ಜನಕ್ಕೂ ಇದು ಹುಟ್ಟುಗುಣವಲ್ಲ. ಎಲ್ಲರೂ ಅಗತ್ಯಕ್ಕೆ ಕಲಿತವರು, ಕಲಿತವರು ಮರೆಯಲೂಬಹುದು.

ಕಲಿತ ಕನ್ನಡಿಗರು ಅದನ್ನು ಈ ನಗರಕ್ಕೆ ಹಿಂದಿರುಗಿಸಿಯೂ ಇದ್ದಾರೆ. ಮಾಟುಂಗ ನಿಲ್ದಾಣದ ಬಳಿ ಎ. ರಾಮನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗಿಗೆ ಭಾನುವಾರ ಮಧ್ಯಾಹ್ನ ಹೋಗಿ ನೋಡಬೇಕು. ಕೂಪನ್ ಕೊಂಡು ಬೆಂಚಿನಲ್ಲಿ ಕುಳಿತು ಕಾಯಬೇಕು. ಕರೆದಾಗ ಹೋಗಿ, ಖಾಲಿಯಿರುವ ಕುರ್ಚಿಯಲ್ಲಿ, ಪಕ್ಕದಲ್ಲಿ ಯಾರಿದ್ದಾರೋ ಅವರ ಜತೆ ಉಣ್ಣಬೇಕು. ಕಿಂಗ್ಸ್ ಸರ್ಕಲ್ಲಿನ ಕೆಫೆ ಮದ್ರಾಸಿನ ಹೊರಗೆ ಹೆಸರು ಬರೆಸಿ ಬೀದಿಯಲ್ಲಿ ನಿಲ್ಲುವವರಲ್ಲಿ ಕಾರಿನಲ್ಲಿ ಬಂದವರೂ ಇರುತ್ತಾರೆ, ಹಾಳೆಯಲ್ಲಿ ಅವರ ಹೆಸರು ಮೇಲಕ್ಕೇರುವುದಿಲ್ಲ. ಪಂಕ್ತಿಭೇದದ ನಾಡಿನಿಂದ ಬಂದವರು ಊಟದ ವಿಷಯದಲ್ಲೇ ಹೀಗೊಂದು ಪದ್ಧತಿ ಕಟ್ಟಿದರೆಂಬುದು ನಮಗೆ ಯಾವ ಸಾಹಿತ್ಯ ಸಮ್ಮೇಳನಕ್ಕಿಂತಲೂ ದೊಡ್ಡ ಹೆಮ್ಮೆಯ ವಿಷಯವಾಗಿ ಕಾಣುತ್ತದೆ.

ಸಾಲಿನಲ್ಲಿ ನಡೆಯುವ ಸಣ್ಣಪುಟ್ಟ ಅಸಭ್ಯತೆಗಳನ್ನು ನಾವು ದೊಡ್ಡದು ಮಾಡಲಾರೆವು. ಚೀಲವಿಟ್ಟು ಚಹಾಕ್ಕೆ ಹೋಗುವವರು, “ಒಂದೇ ಒಂದು ಮಾತು ಕೇಳಬೇಕಿತ್ತು” ಎಂದು ಕಿಟಕಿಗೆ ಬಂದು ಅರ್ಜಿಯನ್ನೇ ತೂರಿಸುವವರು, ಹಿಂದಿನವರ ಉಸಿರು ಕುತ್ತಿಗೆಗೆ ತಾಗುವಷ್ಟು ಹತ್ತಿರ ನಿಲ್ಲುವವರು. ಇವರನ್ನು ಸಾಲು ತಾನೇ ಬಯ್ದು ಸರಿಮಾಡಿಕೊಳ್ಳುತ್ತದೆ. ನಾವು ದುಡಿಯುವ ಕಟ್ಟಡದ ಲಿಫ್ಟಿನ ಮುಂದೆ ಪ್ರತಿ ಬೆಳಗ್ಗೆ ನಡೆಯುವುದು ಇದಕ್ಕಿಂತ ತುಸು ಗಂಭೀರ. ಹಾಜರಿ ಯಂತ್ರದಲ್ಲಿ ಬೆರಳೊತ್ತುವ ಗಡುವು ಸಮೀಪಿಸಿರುತ್ತದೆ, ಮೂವತ್ತು ಜನರ ಸಾಲು ಇರುತ್ತದೆ. ಆಗ ಮೇಲಧಿಕಾರಿಗಳೊಬ್ಬರು ಬರುತ್ತಾರೆ. ಯಾರೂ ಏನೂ ಹೇಳುವುದಿಲ್ಲ, ಸಾಲು ತಾನಾಗಿಯೇ ಎರಡಾಗಿ ಸೀಳಿ ದಾರಿ ಬಿಡುತ್ತದೆ. ಅವರಲ್ಲಿ ಒಬ್ಬರು ಮಾತ್ರ, ಈಗ ನಿವೃತ್ತರು, ಎಂದೂ ಕೊನೆಯಲ್ಲೇ ನಿಲ್ಲುತ್ತಿದ್ದರು. ನಾವು ಸರಿದು ದಾರಿ ಬಿಟ್ಟರೆ ಮೆಟ್ಟಿಲು ಹತ್ತಿ ಹೋಗುತ್ತಿದ್ದರು. ನಮ್ಮ ವಿನಯವೇ ಅವರನ್ನು ಐದು ಮಹಡಿ ನಡೆಸುತ್ತದೆಂದು ತಿಳಿದ ಮೇಲೆ ದಾರಿ ಬಿಡುವುದನ್ನು ನಿಲ್ಲಿಸಿದೆವು.

ಅಧಿಕಾರದಂತೆ ಹಣವೂ ಸಾಲನ್ನು ಸೀಳಬಲ್ಲದು. 2021ರಲ್ಲಿ ಅಮೆರಿಕದ ಒಂದು ಕಂಪೆನಿ ತನ್ನ ನಾಲ್ಕು ಹಿಮಜಾರು ತಾಣಗಳಲ್ಲಿ, ಹೆಚ್ಚು ಹಣ ತೆತ್ತವರಿಗೆ ಲಿಫ್ಟಿಗೆ ಬೇರೆ ದಾರಿ ಮಾಡಿಕೊಡುವುದಾಗಿ ಸಾರಿದಾಗ ಅಲ್ಲಿನ ಜನ ರೊಚ್ಚಿಗೆದ್ದರು. ಮೈಕೆಲ್ ಸ್ಯಾಂಡೆಲ್ ಅವರು ಹಣದಿಂದ ಕೊಳ್ಳಲಾಗದ್ದರ ಕುರಿತು 2012ರಲ್ಲಿ ಪ್ರಕಟಿಸಿದ ಪುಸ್ತಕದ ಮೊದಲ ಅಧ್ಯಾಯವೇ ಸಾಲು ಮುರಿಯುವುದರ ಬಗ್ಗೆ ಇದೆ. ಶುಲ್ಕ ತೆತ್ತು ಶೀಘ್ರ ದರ್ಶನ ಪಡೆಯುವ ದೇವಾಲಯಗಳಿರುವ ನಾಡಿನವರಾದ ನಮಗೆ ಅವರ ವಾದ ಹೊಸದೇನಲ್ಲ. ಆದರೆ ಹಣದ ಸಾಲಿಗೆ ಒಂದು ಪ್ರಾಮಾಣಿಕತೆ ಇದೆಯೆಂದು ಒಪ್ಪಿಕೊಳ್ಳಬೇಕು. ಬೆಲೆ ಫಲಕದ ಮೇಲಿರುತ್ತದೆ. ಬೈಯಬೇಕಾದವರು ಆ ಫಲಕಕ್ಕೆ ಬೈಯಬಹುದು. ಪರಿಚಯದ ದಾರಿಗೆ ಫಲಕವಿಲ್ಲ. ಅದು ಪಕ್ಕದ ಬಾಗಿಲಿನಿಂದ ಹೋಗುತ್ತದೆ, ಪ್ರೀತಿಯ ಮುಖ ಹೊತ್ತು ಹೋಗುತ್ತದೆ. “ಯಾವ ಊರು?” ಎಂಬಂಥ ಸವಿಯಾದ ಪ್ರಶ್ನೆಯನ್ನು ಯಾರು ತಾನೆ ಅಪರಾಧವೆಂದಾರು?

ಈಗ ನಮ್ಮ ಕಥೆ. ಮೂರು ವರ್ಷಗಳ ಹಿಂದೆ ತಾಯಿಯವರಿಗೆ ಎದೆಯ ತೊಂದರೆ ಕಾಣಿಸಿಕೊಂಡಿತ್ತು. ತುರ್ತಿನದ್ದಲ್ಲ, ಎಂದಿನಂತೆ ತೋರಿಸಿ ಔಷಧ ಬದಲಿಸಿಕೊಂಡು ಬರಬೇಕಾದದ್ದು. ನಗರದ ಒಂದು ಸಾರ್ವಜನಿಕ ಆಸ್ಪತ್ರೆಯಲ್ಲಿ ಆ ಕಾಯಿಲೆಗೆ ಹೆಸರಾದ ವೈದ್ಯರು ವಾರದಲ್ಲಿ ಒಂದೇ ದಿನ ಸಿಗುತ್ತಿದ್ದರು. ನಾವಿಬ್ಬರೂ ರಜೆ ಹಾಕಿ ತಾಯಿಯವರನ್ನು ಕರೆದುಕೊಂಡು ಎಂಟೂವರೆಗೆ ಹೋದೆವು. ಕೇಸ್ ಪೇಪರಿನ ಕಿಟಕಿಗೆ ಒಂದು ಸಾಲು, ವೈದ್ಯರ ಕೋಣೆಗೆ ಇನ್ನೊಂದು. ಎರಡನೆಯದು ಕಾರಿಡಾರಿನ ತಿರುವು ದಾಟಿತ್ತು. ಬೆಂಚುಗಳು ತುಂಬಿ ಜನ ನೆಲದ ಮೇಲೆ ಕುಳಿತಿದ್ದರು. ನಾವು ಕೊನೆಯಲ್ಲಿ ನಿಂತು ತಾಯಿಯವರೊಡನೆ ಮಾತಾಡುತ್ತಿದ್ದಾಗ, ಕಡತ ಹಿಡಿದು ಹೋಗುತ್ತಿದ್ದ ಸಿಬ್ಬಂದಿಯೊಬ್ಬರು ನಿಂತರು. “ಕನ್ನಡದವರಾ? ಯಾವ ಊರು?” ಊರು ಹೇಳಿದೆವು. ಅವರ ಹೆಂಡತಿಯ ತವರು ಅಲ್ಲಿಂದ ಆರು ಮೈಲಿ. “ಅಮ್ಮ ಇಷ್ಟು ಹೊತ್ತು ನಿಲ್ಲುವುದುಂಟೇ? ಬನ್ನಿ ಬನ್ನಿ” ಎಂದು ತಾಯಿಯವರ ಕೈ ಹಿಡಿದೇಬಿಟ್ಟರು. ನಾವು ಬೇಡವೆನ್ನಲಿಲ್ಲ. ಬೇಡವೆನ್ನಬೇಕೆಂದು ಹೊಳೆಯಲೂ ಇಲ್ಲ. ಸಾಲಿನ ಪಕ್ಕದಲ್ಲೇ ನಡೆದು ಬಾಗಿಲಿನವರೆಗೆ ಹೋದೆವು.

ಬಾಗಿಲ ಬಳಿ ಮೊದಲನೆಯವರಾಗಿ ಇದ್ದದ್ದು ಮೂವತ್ತರ ಆಸುಪಾಸಿನ ಒಬ್ಬ ಕೂಲಿಯವರು. ಚಪ್ಪಲಿಗೆ ಸಿಮೆಂಟು ಹತ್ತಿತ್ತು. ಮಡಿಲಲ್ಲಿ ನಾಲ್ಕೈದು ವರ್ಷದ ಹೆಣ್ಣುಮಗು ಮಲಗಿತ್ತು, ತುಟಿ ಒಣಗಿತ್ತು. ನಮ್ಮ ಮಾರ್ಗದರ್ಶಕರು ಅವರಿಗೆ ಹಿಂದಿಯಲ್ಲಿ, “ಜರಾ ಬಾಜೂ ಹೋ” ಎಂದರು. ಅವರು ಕಾಲು ಮಡಚಿ ಸರಿದರು. ಸರಿದು, ನಮ್ಮ ಕಡೆ ನೋಡಿ ಹೇಳಿದರು:

“ನಾವೂ ಕನ್ನಡದವ್ರೇ ಇದ್ದೀವ್ರಿ ಸರ. ಮುಂಜಾನಿ ಆರಕ್ಕ ಬಂದು ಕುಂತೀವಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ದೂರೂ ಇರಲಿಲ್ಲ, ಒಂದು ಸಮಾಚಾರ ತಿಳಿಸಿದಂತೆ ಇತ್ತು. ನಾವು ಏನು ಹೇಳುವುದೆಂದು ತೋಚದೆ ನಿಂತಾಗ ಅವರೇ, “ಹೋಗ್ರಿ, ಅಮ್ಮಾರಿಗೆ ನಿಂದ್ರಾಕ ಆಗವಲ್ದು” ಎಂದರು. ನಮ್ಮ ಸಿಬ್ಬಂದಿ ಮಹಾಶಯರಿಗೂ ಆ ಮಾತು ಕೇಳಿಸಿತು. ಅವರು ಅರೆಕ್ಷಣ ತಡೆದರು, ಆಮೇಲೆ ಬಾಗಿಲು ತಳ್ಳಿದರು. ನಾವು ಒಳಗೆ ಹೋದೆವು.

ಹತ್ತು ನಿಮಿಷದಲ್ಲಿ ಹೊರಗೆ ಬಂದಾಗ ಆ ತಂದೆ ಮಗು ಅಲ್ಲಿರಲಿಲ್ಲ. ಬೇರೆ ಕೋಣೆಗೆ ಕರೆದಿದ್ದರೋ, ನೀರು ಕುಡಿಸಲು ಹೋಗಿದ್ದರೋ. ಟ್ಯಾಕ್ಸಿಯಲ್ಲಿ ತಾಯಿಯವರು ಬಹಳ ಹೊತ್ತು ಸುಮ್ಮನಿದ್ದರು. ಮನೆಯ ಹತ್ತಿರ ಬಂದಾಗ, “ಆ ಮಗುವನ್ನು ಒಳಗೆ ಕರೆದರಾ ಮಾರಾಯ?” ಎಂದು ಕೇಳಿದರು. ಕರೆದಿರಬಹುದು ಎಂದೆವು. ಅದಾದ ಮೇಲೆ ಅವರು ಆ ಆಸ್ಪತ್ರೆಗೆ ಬರಲು ಒಪ್ಪಲಿಲ್ಲ. ಕಾರಣ ಹೇಳಲಿಲ್ಲ, ನಾವು ಕೇಳಲೂ ಇಲ್ಲ.

ಅಂದಿನಿಂದ ‘ನಮ್ಮವರು’ ಎಂಬ ಪದ ನಮ್ಮ ಬಾಯಿಗೆ ಸಲೀಸಾಗಿ ಬರುವುದಿಲ್ಲ. ಆ ಸಾಲಿನಲ್ಲಿ ಕನ್ನಡಿಗರು ನಾವೊಬ್ಬರೇ ಅಲ್ಲ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು ಈ ನಗರದಲ್ಲಿ ಎಷ್ಟಿಲ್ಲ? ಸಯನ್‌ನ ಪಕ್ಕದ ಧಾರಾವಿಯ ಗಲ್ಲಿಗಳಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಆದರೆ ನಮ್ಮನ್ನು ಗುರುತಿಸಿದವರು ಅವರನ್ನು ಗುರುತಿಸಲಿಲ್ಲ. ಎರಡೂವರೆ ಗಂಟೆಯಿಂದ ಅಲ್ಲೇ ಕುಳಿತು ಮಗುವಿನೊಡನೆ ಕನ್ನಡದಲ್ಲೇ ಮಾತಾಡಿರಬೇಕಾದವರು ಅವರು. ಹಾಗಾದರೆ ನಮಗೆ ದಾರಿ ಬಿಡಿಸಿದ್ದು ಕನ್ನಡವೇ? ಇಸ್ತ್ರಿ ಮಾಡಿದ ಅಂಗಿ, ಕರಾವಳಿಯ ಉಚ್ಚಾರ, ಊರಿನ ಹೆಸರಿನ ಹಿಂದೆ ತಾನಾಗಿ ಊಹಿಸಿಕೊಳ್ಳುವ ಕುಲಗೋತ್ರ, ಇವೆಲ್ಲ ಸೇರಿ ಬಿಡಿಸಿದ ದಾರಿ ಅದು. ಕನ್ನಡ ಅದಕ್ಕೆ ಹೊದಿಸಿದ ಶಾಲು ಮಾತ್ರ. ಹಳೆಯ ಪಂಕ್ತಿಯನ್ನು ಊರಿನಲ್ಲಿ ಬಿಟ್ಟುಬಂದೆವೆಂದುಕೊಂಡಿದ್ದೆವು, ಅದು ನಮ್ಮ ಟ್ರಂಕಿನಲ್ಲೇ ಬಂದಿತ್ತು.

ಇದಕ್ಕೆ ಬರುವ ಆಕ್ಷೇಪವನ್ನು ನಾವು ಬಲ್ಲೆವು. ಪರಸ್ಪರ ಕೈಹಿಡಿಯದೆ ಈ ನಗರದಲ್ಲಿ ಕನ್ನಡಿಗರು ನೆಲೆಯೂರುತ್ತಿದ್ದರೇ? ಹೊಟೇಲಿನ ಹುಡುಗರಿಗೆ ಮಲಗಲು ಜಾಗ ಕೊಟ್ಟವರು ಯಾರು, ಅವರಿಗಾಗಿ ಕನ್ನಡದ ರಾತ್ರಿ ಶಾಲೆ ನಡೆಸಿದವರು ಯಾರು? ನಮ್ಮವರೇ. ಆ ಋಣ ದೊಡ್ಡದು. ಆದರೆ ರಾತ್ರಿ ಶಾಲೆ ನಡೆಸಿದವರು ಯಾರ ಸರದಿಯನ್ನೂ ಕಿತ್ತು ಹುಡುಗರಿಗೆ ಕೊಡಲಿಲ್ಲ. ಹಗಲೆಲ್ಲ ಲೋಟ ತೊಳೆದ ಹುಡುಗನೂ ಪರೀಕ್ಷೆಯ ಸಾಲಿನಲ್ಲಿ ನಿಲ್ಲಬಲ್ಲವನಾಗಲಿ ಎಂದು ಅವನಿಗೆ ಅಕ್ಷರ 

ಕೊಟ್ಟರು. ನಾವು ಮಾಡುತ್ತಿರುವುದು ಆ ಕೆಲಸವೇ? ಆ ತಂದೆಗೆ ಅಂದು ಬೇಕಿದ್ದುದೇನು ಎಂದು ಯೋಚಿಸಿದ್ದೇವೆ. ಯಾವ ಕಿಟಕಿಗೆ ಮೊದಲು ಹೋಗಬೇಕೆಂದು ಹೇಳುವವರು, ಮರಾಠಿಯಲ್ಲಿ ಬರೆದ ಫಲಕ ಓದಿ ತಿಳಿಸುವವರು, ಅರ್ಜಿ ತುಂಬಿಕೊಡುವವರು, ವೈದ್ಯರ ಮಾತನ್ನು ಅವರ ಕನ್ನಡಕ್ಕೆ ತರುವವರು. ಅರ್ಧ ದಿನ ಅಲ್ಲಿ ನಿಲ್ಲಬಲ್ಲ ನಿವೃತ್ತರು ನಮ್ಮ ಸಂಘಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಸಾಲು ಎಲ್ಲಿದೆಯೆಂದು ತೋರಿಸುವ ಕನ್ನಡಿಗನೂ ಒಳಗಿನವನೇ. ಸಾಲು ತಪ್ಪಿಸುವವನು ಮಾತ್ರವಲ್ಲ.

ಇನ್ನೊಂದು ಆಕ್ಷೇಪ ನಮ್ಮ ಮನೆಯದೇ. ತಾಯಿಯವರಿಗೆ ಮತ್ತೆ ಎದೆ ಹಿಡಿದುಕೊಂಡರೆ, ಒಳಗೆ ನಮ್ಮವರೊಬ್ಬರು ಇದ್ದರೆ, ಆಗಲೂ ಹೀಗೆಯೇ ಬರೆಯುವಿರಾ? ಉಸಿರು ಸಿಕ್ಕಿಕೊಂಡರೆ ಯಾರನ್ನೂ ಕೇಳದೆ ಮುಂದೆ ನುಗ್ಗುತ್ತೇವೆ, ಸಾಲಿನವರೇ ದಾರಿ ಬಿಡುತ್ತಾರೆ. ಅದಕ್ಕೆ ಕನ್ನಡ ಬೇಕಾಗಿಲ್ಲ. ಕಷ್ಟವಿರುವುದು ನಡುವಿನ ದಿನಗಳಲ್ಲಿ, ಕಾಲು ನೋಯುವ, ಬಿಸಿಲು ಚುಚ್ಚುವ, ರಜೆ ಒಂದೇ ಉಳಿದಿರುವ ದಿನಗಳಲ್ಲಿ. ಆ ದಿನಗಳಲ್ಲಿ ನಾವು ಏನು ಮಾಡುತ್ತೇವೆಂದು ಪ್ರತಿಜ್ಞೆ ಮಾಡಿ ಹೇಳುವ ಧೈರ್ಯ ನಮಗಿಲ್ಲ.

ನಮ್ಮ ಮೇಜಿನ ಈಚೆ ಕುಳಿತಾಗ ಮಾಡಬಹುದಾದುದನ್ನು ಮಾತ್ರ ಹೇಳಬಲ್ಲೆವು. ಹೋದ ಮಳೆಗಾಲದಲ್ಲಿ ಪರಿಚಿತರೊಬ್ಬರು ನಮ್ಮ ಕಚೇರಿಗೆ ಬಂದರು. ನಮ್ಮ ಓಣಿಯವರು, ಸಂಘದ ಕಾರ್ಯಕ್ರಮಗಳಲ್ಲಿ ಪಕ್ಕದಲ್ಲಿ ಕೂರುವವರು. ಸಾಲಿನಲ್ಲಿ ನಲವತ್ತು ಜನರಿದ್ದರು. ಅವರು ನೇರವಾಗಿ ಪಕ್ಕದ ಬಾಗಿಲಿಗೆ ಬಂದು, ಮುಗುಳ್ನಕ್ಕು, ಕಾಗದಗಳನ್ನು ನಮ್ಮ ಕೈಗಿತ್ತರು. ನಾವು ಎದ್ದು ಹೊರಗೆ ಹೋಗಿ, ಅವರ ಅರ್ಜಿಯನ್ನು ಮೊದಲಿನಿಂದ ಓದಿ, ಬಿಟ್ಟುಹೋಗಿದ್ದ ಒಂದು ಸಹಿ, ಒಂದು ನಕಲು ಪ್ರತಿ ಎಲ್ಲವನ್ನೂ ಹೇಳಿ, ಸಾಲಿನ ಕೊನೆಯವರೆಗೂ ಅವರ ಜತೆ ನಡೆದು, ಅಲ್ಲಿ ಬಿಟ್ಟು ಬಂದೆವು. ಅವರು ಮಾತಾಡಲಿಲ್ಲ. ಒಂದು ಗಂಟೆ ಇಪ್ಪತ್ತು ನಿಮಿಷ ನಿಂತರು. ಅವರ ಸರದಿ ಬಂದಾಗ ಕೆಲಸ ನಾಲ್ಕು ನಿಮಿಷದಲ್ಲಿ ಮುಗಿಯಿತು, ಏಕೆಂದರೆ ಕಾಗದಗಳೆಲ್ಲ ಸರಿಯಾಗಿದ್ದವು. “ಥ್ಯಾಂಕ್ಸ್” ಎಂದು ಇಂಗ್ಲಿಷಿನಲ್ಲಿ ಹೇಳಿ ಹೋದರು.

ದೀಪಾವಳಿಯ ಹೊತ್ತಿಗೆ ಅವರ ಹೊಸ ಮನೆಯ ಗೃಹಪ್ರವೇಶವಿತ್ತು. ನಮ್ಮ ಕಟ್ಟಡದ ಉಳಿದ ಮೂರು ಕನ್ನಡದ ಮನೆಗಳಿಗೂ ಆಮಂತ್ರಣ ಬಂದಿತ್ತು. ನಮಗೆ ಬರಲಿಲ್ಲ.